ಪ್ಯಾರೇಜಾನ್ ಸಾಹೇಬರೂ ಬಲಗೊಳವೆಯ ಮಂಜೂ

ಪ್ಯಾರೇಜಾನ್ ಸಾಹೇಬರ ಅಂಗಡಿಯ ಗೋಡೆಯ ಮೇಲೆ ಹನ್ನೊಂದು ಗಡಿಯಾರಗಳು ನಡೆಯುತ್ತಿದ್ದವು; ಹನ್ನೊಂದೂ ಹನ್ನೊಂದು ಹೊತ್ತು ತೋರಿಸುತ್ತಿದ್ದವು. ಚಳ್ಳಕೆರೆಯ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಎಣ್ಣೆ ಗಿರಣಿಯ ಹಿಂಡಿ ವಾಸನೆ ನೇರವಾಗಿ ಮೂಗಿಗೆ ಬಡಿಯುವ ಜಾಗದಲ್ಲಿತ್ತು ಆ ಅಂಗಡಿ. ಬಸ್ಸಿಗೆ ಓಡುವವರು ಯಾರಾದರೂ ಬಾಗಿಲಲ್ಲಿ ತಲೆ ಹಾಕಿ, "ಸಾಬ್ರೆ, ಟೈಮೆಷ್ಟು?" ಎಂದರೆ ಅವರು ತಲೆಯೆತ್ತದೆ ಕೇಳುತ್ತಿದ್ದರು: "ಯಾರ್ ಟೈಮು ಬೇಕು? ತಿಪ್ಪೇಸ್ವಾಮೀದಾ, ಗೌಡ್ರದಾ?" ರಿಪೇರಿಯಾದ ಗಡಿಯಾರವನ್ನು ಮೂರು ದಿನ ತಮ್ಮ ಕಣ್ಣೆದುರಿಗೇ ನಡೆಸಿ ನೋಡದೆ ಅವರು ಯಾರಿಗೂ ವಾಪಸು ಕೊಟ್ಟವರಲ್ಲ. ಹಾಗೆಂದು ಮುಳ್ಳನ್ನು ಸರಿಯಾದ ಹೊತ್ತಿಗೆ ತಿರುಗಿಸಿಟ್ಟವರೂ ಅಲ್ಲ. "ನಡ್ಸೋದು ನನ್ ಕೆಲ್ಸ. ಟೈಮಿಗ್ ಸರಿಯಾಗಿ ಇಟ್ಕೊಳ್ಳೋದು ಅವ್ರವ್ರ ಕೆಲ್ಸ" ಎಂಬುದು ಅವರ ಸಿದ್ಧಾಂತ.

ಗೋರಂಟಿ ಬಣ್ಣದ ಗಡ್ಡ, ತೋಳು ಮಡಚಿದ ಬಿಳಿ ಜುಬ್ಬಾ, ಒಂದು ಕಣ್ಣಿಗೆ ಸದಾ ಸಿಕ್ಕಿಸಿಕೊಂಡ ಕಪ್ಪು ಭೂತಗನ್ನಡಿ. ಆ ಕಣ್ಣು ಯಂತ್ರಕ್ಕೆ, ಇನ್ನೊಂದು ಗಿರಾಕಿಗೆ. ಎರಡನ್ನೂ ಏಕಕಾಲಕ್ಕೆ ವಿಚಾರಿಸಿಕೊಳ್ಳುವ ಅವರ ಸಾಮರ್ಥ್ಯವನ್ನು ಕಂಡು ಹೊಸಬರು ತಬ್ಬಿಬ್ಬಾಗುತ್ತಿದ್ದರು. ಭೂತಗನ್ನಡಿಯನ್ನು ತೆಗೆದು ಮೇಜಿನ ಮೇಲಿಟ್ಟು ಎರಡೂ ಕಣ್ಣುಗಳಿಂದ ನೋಡಿದರೆಂದರೆ ಮಾತ್ರ ಗಿರಾಕಿ ಎದೆ ಗಟ್ಟಿ ಮಾಡಿಕೊಳ್ಳಬೇಕು. ಯಂತ್ರದ ಕಥೆ ಮುಗಿದಿದೆ ಎಂದರ್ಥ. ಹೊಲಿಗೆ ಯಂತ್ರ, ತಕ್ಕಡಿ, ಕ್ಯಾಮರಾ, ಸೀಮೆಎಣ್ಣೆ ಒಲೆ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು, ಎಲ್ಲವೂ ಅವರಲ್ಲಿಗೆ ಬರುತ್ತಿದ್ದವು. ಅವಸರಪಡಿಸಿದವರಿಗೆ ಒಂದೇ ಉತ್ತರ: "ಅರ್ಜೆಂಟಿದ್ರೆ ಹಾಳ್ ಮಾಡಿ ಕೊಡ್ತೀನಿ, ಪುರ್ಸೊತ್ತಿದ್ರೆ ರಿಪೇರಿ ಮಾಡ್ತೀನಿ. ಯಾವ್ದು ಬೇಕು ಹೇಳ್ರಿ."

ಇಂಥವರ ಸನ್ನಿಧಿಗೆ ನಾನು ಹೋದದ್ದು ಒಂದು ಘನಕಾರ್ಯದ ನಿಮಿತ್ತ. ನಾನು ನಿವೃತ್ತ ಭೂಮಾಪಕ. ಪರಶುರಾಂಪುರದ ಸುತ್ತಿನ ಶೇಂಗಾ ಹೊಲಗಳನ್ನೂ ಈರುಳ್ಳಿ ಹೊಲಗಳನ್ನೂ ಅಳೆದು, ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸಿ, ಇಬ್ಬರಿಂದಲೂ ಬೈಸಿಕೊಂಡು ನಿವೃತ್ತನಾದವನು. ಡಾಕ್ಟರು ದಿನಾ ನಡೆಯಿರಿ ಎಂದರು. ಸುಮ್ಮನೆ ನಡೆಯುವುದು ನನ್ನ ಘನತೆಗೆ ಕಡಿಮೆಯೆನಿಸಿ, ಸರ್ಕಾರಿ ಸಂಸ್ಥೆಗಳು ಬೇಲಿ ಹಾಕಿಕೊಂಡ ಉಳ್ಳಾರ್ತಿ ಕಾವಲಿನಲ್ಲಿ, ಬೇಲಿಯ ಈಚೆ ಉಳಿದ ಹುಲ್ಲುಗಾವಲಿನಲ್ಲಿ ಹಕ್ಕಿ ನೋಡುತ್ತ ನಡೆಯತೊಡಗಿದೆ. ಪ್ರತಿ ಚಳಿಗಾಲ ದಾವಣಗೆರೆಯಿಂದ ಹಕ್ಕಿ ಎಣಿಸುವವರ ತಂಡವೊಂದು ಬರುತ್ತದೆ. ಅದರ ಮುಖ್ಯಸ್ಥೆ ವಸುಧಾ ಎಂಬ ಕಾಲೇಜು ಅಧ್ಯಾಪಕಿ. ಅವರು ನನ್ನನ್ನು "ಸ್ಥಳೀಯ ತಜ್ಞರು" ಎಂದು ಕರೆದರು. ಸ್ಥಳೀಯ ಎಂಬುದರ ಬಗ್ಗೆ ತಕರಾರಿರಲಿಲ್ಲ. ಉಳಿದರ್ಧವನ್ನು, ಬೇರೆ ಅಭ್ಯರ್ಥಿಗಳಿಲ್ಲದ ಕಾರಣ, ನಾನೇ ಇಟ್ಟುಕೊಂಡೆ.

ಈ ಪದವಿಯೇ ನನ್ನನ್ನು ಕೆಡಿಸಿತು. ಎರಡು ಚಳಿಗಾಲದ ಹಿಂದೆ ನಾನು 'ಬಿಳಿ ಸೆಳೆವ'ವನ್ನು ಕಂಡೆನೆಂದು ಘೋಷಿಸಿದ್ದೆ. ಸೆಳೆವವೆಂದರೆ ದೂರದ ಚಳಿನಾಡುಗಳಿಂದ ಬಂದು, ನಮ್ಮ ಹುಲ್ಲಿನ ತುದಿ ಸವರುವಷ್ಟು ತಗ್ಗಿನಲ್ಲಿ ತೇಲುತ್ತ ಬೇಟೆ ಹುಡುಕುವ ಗಿಡುಗ. ಅದರ ಈ ಜಾತಿಯ ಗಂಡು ಬೆಳ್ಳಗೆ, ಬೂದಿ ಸವರಿದಂತೆ ಇರುತ್ತದೆ. ಆ ದಿನ ದೂರದಲ್ಲಿ ಬೆಳ್ಳಗಿನದೇನೋ ಹಾರಿದ್ದು ನಿಜ. ಅದು ಪ್ಲಾಸ್ಟಿಕ್ ಚೀಲವಾಗಿರಲಿಲ್ಲವೆಂದು ಈಗ ಪ್ರಮಾಣ ಮಾಡೆಂದರೆ ಮಾಡಲಾರೆ. ವಸುಧಾ ಅವರು ಅದನ್ನು ನನ್ನ ಹೆಸರಿನ ಮುಂದೆ ಪಟ್ಟಿಯಲ್ಲಿ ಬರೆದುಕೊಂಡರು. ಈ ಸಲ ಫೋನು ಮಾಡಿ, "ಸಾರ್, ನಿಮ್ಮ ಸೆಳೆವವನ್ನು ನೋಡಲಿಕ್ಕೇ ಬರ್ತಿದೀವಿ" ಎಂದರು. ಆ ಹಕ್ಕಿಯನ್ನು ಒಮ್ಮೆಯಾದರೂ ನಿಜವಾಗಿ ಕಂಡು, ಸುಳ್ಳನ್ನು ಮುಂಗಡವಾಗಿ ಹೇಳಿದ ಸತ್ಯವನ್ನಾಗಿ ಮಾಡಿಕೊಳ್ಳುವುದೊಂದೇ ದಾರಿ.

ಅದಕ್ಕೆ ದೂರದ್ದನ್ನು ಹತ್ತಿರ ತೋರಿಸುವ, ಎರಡು ಕೊಳವೆಗಳ ಉಪಕರಣ ಬೇಕಲ್ಲ. ಕೊರಿಯರಿನಲ್ಲಿ ಒಂದು ತರಿಸಿದೆ, ಬಲಗೊಳವೆಯಲ್ಲಿ ಮಂಜು. ವಾಪಸು ಕಳಿಸಿದೆ. ಎರಡನೆಯದು ಬಂತು, ಅದರಲ್ಲೂ ಬಲಗೊಳವೆಯಲ್ಲಿ ಮಂಜು. ಮೂರನೆಯದು ಬೇರೆ ಕಂಪನಿಯದು, ಅಲ್ಲೂ ಅದೇ ಮಂಜು. ಇಡೀ ದೇಶದಲ್ಲಿ ಬಲಗೊಳವೆ ಮಾಡುವ ಕಸುಬು ನಶಿಸಿಹೋಗಿದೆಯೆಂದು ತೀರ್ಮಾನಿಸಿ, ಆ ಮೂರನೆಯದನ್ನು ಹಿಡಿದುಕೊಂಡು ಸಾಹೇಬರ ಅಂಗಡಿಗೆ ಹೋದೆ.

ದುರ್ಬೀನು ಎಂಬ ಪದವನ್ನು ನಾನು ಬಳಸುತ್ತಿರಲಿಲ್ಲ. ದುರ್ಬುದ್ಧಿ, ದುರ್ವ್ಯಸನಗಳ ಕುಲಕ್ಕೆ ಸೇರಿದ ಪದವೆಂದು ನನ್ನ ವ್ಯಾಕರಣಜ್ಞಾನ ಹೇಳುತ್ತಿತ್ತು. ಆದ್ದರಿಂದ ಗಂಭೀರವಾಗಿ, "ಸಾಹೇಬರೇ, ನನ್ನ ದೂರದರ್ಶಕದಲ್ಲಿ ದೋಷವಿದೆ" ಎಂದೆ.

"ಟೀವಿ ರಿಪೇರಿ ಮುಂದಿನ್ ಅಂಗಡಿ ಸಾರ್."

ಚೀಲದಿಂದ ತೆಗೆದು ತೋರಿಸಿದೆ. "ಅರೆ, ದೂರ್‌ಬೀನ್ ಅನ್ರಿ! ದೂರ್ ಅಂದ್ರೆ ದೂರ, ಬೀನ್ ಅಂದ್ರೆ ನೋಡೋದು. ಇಷ್ಟು ಸೀದಾ ಮಾತಿಗೆ ಇಷ್ಟು ಉದ್ದ ಯಾಕ್ ಹೋಗ್ತೀರಿ?" ನನ್ನ ವ್ಯಾಕರಣಜ್ಞಾನ ಅಲ್ಲೇ ಬೆಂಚಿನ ಮೇಲೆ ಕುಳಿತುಕೊಂಡಿತು.

"ಎಂಟು ಬೈ ನಲವತ್ತೆರಡು" ಎಂದೆ, ತಿಳಿದವನ ಹಾಗೆ.

"ಸೈಟಾ ಸಾರ್? ಮನೆ ಕಟ್ಟಕ್ಕಾಗಲ್ಲ, ಓಣಿ ಆಗ್ತೈತೆ." ಜೀವನವಿಡೀ ಸೈಟು ಅಳೆದವನಿಗೆ ಈ ಮಾತು! ಆಮೇಲೆ ಅವರೇ ವಿವರಿಸಿದರು. ಎಂಟು ಎಂದರೆ ಎಂಟು ಪಟ್ಟು ಹತ್ತಿರ, ನಲವತ್ತೆರಡು ಎಂದರೆ ಮುಂದಿನ ಗಾಜಿನ ಅಗಲ, ಬೆಳಕು ಬರುವ ಬಾಗಿಲು. ಹತ್ತು ಪಟ್ಟಿನದು ಉತ್ತಮವಲ್ಲವೇ ಎಂದು ಕೇಳಿದೆ. "ಹತ್ತು ಪಟ್ಟಲ್ಲಿ ಹಕ್ಕಿ ಹತ್ತು ಪಟ್ಟು ಕಾಣ್ತೈತೆ, ನಿಮ್ ಕೈ ನಡುಗೋದೂ ಹತ್ತು ಪಟ್ಟು ಕಾಣ್ತೈತೆ. ನಿಮ್ ವಯಸ್ಸಿಗೆ ಎಂಟೇ ಜಾಸ್ತಿ."

ಆಮೇಲೆ ಅದನ್ನು ಭೂತಗನ್ನಡಿಯಡಿ ಹಿಡಿದು ಎರಡು ಸಲ ತಿರುವಿ, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ನಿಲ್ದಾಣದಲ್ಲಿ ನಿಂತ ಬಸ್ಸಿನ ಬೋರ್ಡು ಓದಲು ಹೇಳಿದರು. ಎಡಗೊಳವೆಯಲ್ಲಿ 'ಹಿರಿಯೂರು' ಎಂದು ಸ್ಪಷ್ಟವಾಗಿತ್ತು. ಬಲಗೊಳವೆಯಲ್ಲಿ ಬಸ್ಸೇ ಅನುಮಾನಾಸ್ಪದವಾಗಿತ್ತು. ಬಲಗಡೆಯ ಉಂಗುರವನ್ನು ಅವರು ಆ ಕಡೆ ಈ ಕಡೆ ತಿರುಗಿಸಿ ಕೊಟ್ಟರು. ಮಂಜು ಕದಲಲಿಲ್ಲ.

"ಈಗ ತಲೆಕೆಳಗ್ ಮಾಡಿ ನೋಡ್ರಿ."

"ನಾನೋ, ದೂರ್‌ಬೀನೋ?"

"ನೀವಾದ್ರೂ ಪರ್ವಾಗಿಲ್ಲ, ಆದ್ರೆ ದೂರ್‌ಬೀನ್ ಮಾಡಿದ್ರೆ ಸುಲಭ."

ತಲೆಕೆಳಗು ಹಿಡಿದಾಗ ಬಲಗೊಳವೆ ಎಡಗಣ್ಣಿಗೆ ಬರುತ್ತದೆ. ದೋಷ ಗಾಜಿನದಾದರೆ ಮಂಜೂ ಅದರ ಜೊತೆ ಎಡಕ್ಕೆ ಬರಬೇಕು. ಬರಲಿಲ್ಲ. ಮಂಜು ಬಲಕ್ಕೇ ಉಳಿಯಿತು. ಪ್ರಾಥಮಿಕ ಶಾಲೆಯ ಮಗುವಿಗೂ ತಿಳಿಯುವ ಸಂಗತಿ. ಆದರೆ ತಜ್ಞನ ಬುದ್ಧಿ ಬೇರೆ ದಾರಿ ಹಿಡಿಯುತ್ತದೆ. "ಇದು ಒಂದು ಕೊಳವೆಯಿಂದ ಇನ್ನೊಂದಕ್ಕೆ ವಲಸೆ ಹೋಗುವ ದೋಷ, ಸಾಹೇಬರೇ" ಎಂದೆ. "ಹಕ್ಕಿಗಳಲ್ಲೂ ಹಾಗೇ."

ಸಾಹೇಬರು ನನ್ನನ್ನು ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿದರು. "ಮಾಲು ಖರಾಬಿಲ್ಲ ಸಾರ್. ಗಿರಾಕಿ ಖರಾಬೈತೆ. ಆ ಕಣ್ಣು ತೋರಿಸ್ಕೊಳ್ರಿ."

ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಯಂತ್ರದಲ್ಲಿ ಕಣ್ಣಿಟ್ಟು ಜಿಲ್ಲೆಯ ಗಡಿ ನೋಡಿದವನಿಗೆ ಕಣ್ಣು ಸರಿಯಿಲ್ಲವೆನ್ನುವುದೇ? ಆದರೆ ಆ ಸರ್ವೆ ಯಂತ್ರಕ್ಕೆ ಒಂದೇ ಕೊಳವೆ. ನಾನು ಬಲಗಣ್ಣು ಮುಚ್ಚಿ ಎಡಗಣ್ಣಿಡುವುದು ರೂಢಿ. ಮೂವತ್ತು ವರ್ಷ ನನ್ನ ಬಲಗಣ್ಣು ಸರ್ಕಾರಿ ಸಂಬಳ ತೆಗೆದುಕೊಂಡು ರೆಪ್ಪೆಯ ಹಿಂದೆ ಮಲಗಿತ್ತು. ಅದರ ಆರೋಗ್ಯವನ್ನು ಯಾರೂ ವಿಚಾರಿಸಿರಲಿಲ್ಲ. ಇದು ಆಮೇಲೆ ಹೊಳೆದದ್ದು. ಆಗ ಕಣ್ಣಿಗೆ ಬಿದ್ದದ್ದು ಅಂಗಡಿಯ ಅಟ್ಟದ ಮೇಲಿದ್ದ ಒಂಟಿ ಕೊಳವೆಯ ಪುಟ್ಟ ದೂರದರ್ಶಕ, ಮೊಳದುದ್ದದ್ದು, ಮೂರು ಕಾಲಿನ ಸ್ಟ್ಯಾಂಡಿನದು.

"ಅದನ್ನೇ ಕೊಡಿ. ಒಂದೇ ಕಣ್ಣು ಸಾಕು."

"ಕೊಡಲ್ಲ."

"ಮಾರಾಟಕ್ಕಿಲ್ಲವೇ?"

"ಐತೆ. ನಿಮಗಿಲ್ಲ. ಇದು ಕೊಟ್ರೆ ನೀವು ಸಾಯೋವರ್ಗೂ ಆ ಕಣ್ಣನ್ನ ಕೇಳಲ್ಲ. ಕುಂಟ್ರಿಗೆ ಕೋಲು ಮಾರಬಹುದು ಸಾರ್. ಕಾಲಿಗೆ ಮುಳ್ಳು ಚುಚ್ಕೊಂಡೋರಿಗೆ ಮಾರಬಾರ್ದು. ಮುಳ್ಳು ತೆಗಿಸ್ಕೊಂಡು ಬರ್ರಿ."

ಮುನಿಸಿಕೊಂಡು ಎದ್ದು ಬಂದೆ. ತಂಡ ಬಂದ ಭಾನುವಾರ ಬೆಳಿಗ್ಗೆ ಮಂಜಿನ ದೂರ್‌ಬೀನನ್ನೇ ಕೊರಳಿಗೆ ಹಾಕಿಕೊಂಡು ಕಾವಲಿಗೆ ಹೋದೆ.

ವಸುಧಾ ಅವರ ತಂಡದಲ್ಲಿ ಏಳೆಂಟು ಜನ. ಒಂದು ಗಂಟೆ ನಡೆದೆವು. ನೆಲಗುಬ್ಬಿಗಳು ಹಾರಿದವು, ಗೌಜಲಕ್ಕಿ ಕೂಗಿತು. ಕೂಗಿನಿಂದ ಗುರುತಿಸುವ ವಿದ್ಯೆ ನನ್ನ ಮಾನವನ್ನು ಅಲ್ಲಿಯವರೆಗೆ ಕಾಪಾಡಿತು. ಆಗ ದೂರದಲ್ಲಿ ಒಂದು ಬಂಡೆಯ ಮೇಲೆ ಬೆಳ್ಳಗೆ, ಸ್ವಲ್ಪ ಬೂದಿ ಬಣ್ಣದ್ದು ಏನೋ ಕುಳಿತಿದ್ದುದು ಕಂಡಿತು. ಗಾಳಿಗೆ ಅದರ ರೆಕ್ಕೆ ಅಲುಗಿತು. ದೂರ್‌ಬೀನು ಎತ್ತುವಷ್ಟೂ ವ್ಯವಧಾನ ನನಗಿರಲಿಲ್ಲ.

"ಯಾರೂ ಅಲುಗಬೇಡಿ" ಎಂದೆ, ಯಜ್ಞದ ಪುರೋಹಿತನ ಧ್ವನಿಯಲ್ಲಿ. "ಬಿಳಿ ಸೆಳೆವ. ಗಂಡು. ವಿಶ್ರಮಿಸುತ್ತಿದೆ."

ಎಲ್ಲರೂ ಉಸಿರು ಹಿಡಿದು ತಮ್ಮ ತಮ್ಮ ಉಪಕರಣ ಎತ್ತಿದರು. ಯಾರೂ ಮಾತಾಡಲಿಲ್ಲ. ಅದನ್ನು ನಾನು ಭಕ್ತಿಯೆಂದು ತಿಳಿದೆ. ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಒಬ್ಬ ಕುರಿಗಾಹಿ ಎದ್ದು, ಸೆಳೆವವನ್ನು ಕೈಗೆತ್ತಿಕೊಂಡು, ಎರಡು ಸಲ ಕೊಡವಿ, ತಲೆಗೆ ಸುತ್ತಿಕೊಂಡ.

ನಮ್ಮನ್ನು ಕಂಡು ಹತ್ತಿರ ಬಂದು ಕೇಳಿದ: "ಏನ್ ಸಾರ್, ಎಲ್ಲ ನನ್ ಟವಲ್ಲೇ ನೋಡ್ತಿದ್ರಲ್ಲ, ಏನೈತೆ ಅದ್ರಾಗೆ?"

ವಸುಧಾ ಅವರು ಒಳ್ಳೆಯವರು. ನಗಲಿಲ್ಲ. ಅವರು ಪಟ್ಟಿಯ ಹಾಳೆಯನ್ನು ತಿರುವಿ, ಹಿಂದಿನ ಪುಟದಲ್ಲಿ ಎರಡು ವರ್ಷದ ಹಿಂದಿನ ನನ್ನ ಹೆಸರಿನ ಮೇಲೆ ಬೆರಳಿಟ್ಟರು. ಅದಕ್ಕಿಂತ ನಕ್ಕಿದ್ದರೆ ವಾಸಿಯಿತ್ತು.

ಸುದ್ದಿ ಊರಿಗೆ ನನಗಿಂತ ಮೊದಲು ತಲುಪಿತ್ತು. ಸೋಮವಾರ ಓಣಿಯಲ್ಲಿ ಹಾಯುವಾಗ ಸಾಹೇಬರು ಕರೆದರು. ಟವೆಲ್ಲಿನ ಮಾತೆತ್ತಲಿಲ್ಲ. "ಗುರುವಾರ ಮೊಳಕಾಲ್ಮೂರಿಗೆ ಹೋಗ್ತೀನಿ. ಬರ್ತೀರಾ? ಅಲ್ಲಿ ನಿಮಗೊಂದು ಹಕ್ಕಿ ತೋರಿಸ್ತೀನಿ."

ಗುರುವಾರ ಗುರುವಾರ ಅವರು ಮೊಳಕಾಲ್ಮೂರಿನ ನೇಕಾರರ ಮನೆಗಳಿಗೆ ಹೋಗುತ್ತಿದ್ದರು. ಮಗ್ಗದ ಮೇಲೆ ತೂತು ಬಿದ್ದ ರಟ್ಟುಗಳ ಮಾಲೆಯೊಂದು ತಿರುಗುತ್ತ ಸೀರೆಯಂಚಿಗೆ ಚಿತ್ತಾರ ಎತ್ತಿಕೊಡುತ್ತದಲ್ಲ, ಆ ಜಕಾರ್ಡಿನ ಕೊಕ್ಕೆಗಳು ಬಾಗಿದರೆ ನೆಟ್ಟಗೆ ಮಾಡಿಕೊಡಲು. ಬಳ್ಳಾರಿ ರಸ್ತೆಯ ಬಸ್ಸಿನಲ್ಲಿ ಹೋದೆವು. ಈರಮ್ಮ ಎಂಬಾಕೆಯ ಮನೆಯಲ್ಲಿ ಮಗ್ಗ ನಡುಮನೆಯನ್ನೆಲ್ಲ ಆಕ್ರಮಿಸಿತ್ತು. ಮನೆಯವರು ಅದರ ಸುತ್ತ ಅಂಚಿನಲ್ಲಿ ಬದುಕುತ್ತಿದ್ದರು. ಸಾಹೇಬರು ಕೆಲಸ ಮುಗಿಸಿ, ಅರ್ಧ ನೇಯ್ದ ರೇಷ್ಮೆ ಸೀರೆಯ ಅಂಚನ್ನು ತೋರಿಸಿ, ನನ್ನ ಎಡಗಣ್ಣಿನ ಮೇಲೆ ತಮ್ಮ ಅಂಗೈ ಮುಚ್ಚಿದರು. ಅಂಗೈಯಲ್ಲಿ ಯಂತ್ರದೆಣ್ಣೆಯ ವಾಸನೆ.

"ಇದ್ಯಾವ್ ಹಕ್ಕಿ ಸಾರ್? ನೀವು ತಜ್ಞರು, ಹೇಳ್ರಿ."

ಮೊಳ ದೂರದಲ್ಲಿತ್ತು ಅಂಚು. ಕೆಂಪಿನ ಮೇಲೆ ಹಳದಿಯ ಉದ್ದನೆಯ ಮಬ್ಬು, ಒಂದು ತುದಿ ಬಾಗಿದ್ದು. ಹಕ್ಕಿಯೆಂದು ಹೇಳಿ ನನ್ನನ್ನು ಸಿಕ್ಕಿಸಲು ನೋಡುತ್ತಿದ್ದಾರೆಂದು ನನಗೆ ಅನುಮಾನ. ಟವೆಲ್ಲಿನ ಪಾಠ ಹಸಿಯಾಗಿತ್ತು. ಈ ಸಲ ಮೋಸಹೋಗಬಾರದೆಂದು ದೃಢವಾಗಿ ಹೇಳಿದೆ: "ಇದು ಹಕ್ಕಿಯೇ ಅಲ್ಲ. ಮಾವಿನಕಾಯಿ ಬುಟ್ಟಾ."

ಈರಮ್ಮನ ಕೈಯ ಲಾಳಿ ನಿಂತಿತು. "ಅಯ್ಯೋ ದೇವುಡಾ! ನೆಮಲಿ ಸಾರೂ, ನೆಮಲಿ! ನವಿಲು! ಮೂರ್ ದಿನದಿಂದ ನವಿಲು ನೇಯ್ತಾ ಇದೀನಿ, ಒಂದೇ ಮಾತಲ್ಲಿ ಉಪ್ಪಿನಕಾಯಿಗೆ ಹಾಕ್ಬಿಟ್ರಲ್ಲ!" ಆಕೆ ನಕ್ಕ ನಗು ಪಕ್ಕದ ಮನೆಯ ಮಗ್ಗವನ್ನೂ ನಿಲ್ಲಿಸಿತು.

ಸಾಹೇಬರು ನಗಲಿಲ್ಲ. ಅಂಗೈ ತೆಗೆದರು. ಎಡಗಣ್ಣಿಗೆ ನವಿಲು ಕಂಡಿತು: ಕೊಕ್ಕು, ಜುಟ್ಟು, ಗರಿಗರಿಯೂ ಬೇರೆ. ಅವರು ಕೊಕ್ಕೆ ನೋಡಲು ಕಣ್ಣಿಗೇರಿಸಿದ್ದ ಭೂತಗನ್ನಡಿಯನ್ನು ಬಿಚ್ಚಿ ಮಗ್ಗದ ಪಟ್ಟಿಯ ಮೇಲಿಟ್ಟು, ಎರಡೂ ಕಣ್ಣುಗಳಿಂದ ನನ್ನನ್ನು ನೋಡಿದರು. ಆ ನೋಟವನ್ನು ನಾನು ಅಷ್ಟು ದಿನ ಬೇರೆಯವರ ಗಡಿಯಾರಗಳ ಮೇಲೆ ಬಿದ್ದುದನ್ನು ಕಂಡಿದ್ದೆ.

"ಸಾರ್, ದೂರದ್ದು ಕಾಣ್ಲಿಲ್ಲ ಅಂದ್ರೆ ದೂರ್‌ಬೀನ್ ಬೈಬಹುದು. ಇದು ನಿಮ್ ಮೂಗಿನ್ ಮುಂದೈತೆ. ಯಾರನ್ನ ಬೈತೀರಿ?"

ವಲಸೆ ಹೋಗುವ ದೋಷ ತನ್ನ ನೆಲೆಗೆ ಬಂದು ಕುಳಿತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಒಂದೇ ಮಾತಾಡಿದರು: "ಅರ್ಜೆಂಟಿಲ್ಲ ಅನ್ಬೇಡ್ರಿ. ಇದೊಂದು ಅರ್ಜೆಂಟೈತೆ."

ಕಣ್ಣಿನ ಡಾಕ್ಟರು ನೋಡಿ, ಪೊರೆ ಬಂದು ಹಣ್ಣಾಗುತ್ತ ಬಂದಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಹಕ್ಕಿ ನೋಡುತ್ತಿದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ದಿನ ಬಲಗಣ್ಣಿಗೆ ಮೊದಲು ಕಂಡದ್ದು ನನ್ನ ಹೆಂಡತಿಯ ಮುಖ; ಎಡಗಣ್ಣು ಮುಲಾಜಿಗೆ ಮುಚ್ಚಿಟ್ಟದ್ದನ್ನೆಲ್ಲ ಅದು ನೋಡಿತು. "ಎಷ್ಟು ವಯಸ್ಸಾಗಿದೆ ನಿನಗೆ!" ಎಂದು ಬಾಯಿ ತಪ್ಪಿ ಹೇಳಿ, ಎರಡು ಹೊತ್ತು ಸಾರಿಲ್ಲದ ಅನ್ನ ಉಂಡೆ.

ಅದಾದ ಮೇಲೆ ಸಾಹೇಬರ ಬಾಗಿಲಲ್ಲಿ ನಿಂತು ಎರಡೂ ಕೊಳವೆಗಳಲ್ಲಿ ಬಸ್ಸಿನ ಬೋರ್ಡು ಓದಿದೆ. ನಾನು ಬೈದು ಬೈದು ಅಪವಾದ ಹೊರಿಸಿದ್ದ ಮೂರನೆಯ ದೂರ್‌ಬೀನು ಹೊಸ ಹೆಂಡತಿಯಷ್ಟು ನಿರ್ದೋಷಿಯಾಗಿತ್ತು. "ಈಗ ಒಂಟಿ ಕೊಳವೆ ಬೇಕಾದ್ರೆ ತಗೊಳ್ರಿ, ಕೊಡ್ತೀನಿ" ಎಂದರು. ಎರಡು ಕಣ್ಣು ಒಟ್ಟಿಗೆ ಕೆಲಸಕ್ಕೆ ಬಂದಿರುವಾಗ ಒಂದನ್ನು ಮತ್ತೆ ರಜೆಗೆ ಕಳಿಸಲಾರೆನೆಂದೆ. ಅವರಿಗೆ ಸಂತೋಷವಾಯಿತು. ದೂರ್‌ಬೀನಿನ ಉಂಗುರವನ್ನು ನನ್ನ ಕಣ್ಣಿಗೆ ಕೂರಿಸಿ, ಅಲ್ಲಿ ಚಾಕುವಿನಿಂದ ಸಣ್ಣ ಗುರುತು ಗೀರಿಕೊಟ್ಟರು. ಮೂರು ದಿನ ತಮ್ಮಲ್ಲೇ ಇಟ್ಟುಕೊಂಡ ಮೇಲೆಯೇ.

ವಸುಧಾ ಅವರಿಗೆ ಫೋನು ಮಾಡಿ, ಎರಡು ವರ್ಷದ ಹಿಂದಿನದು ಸುಳ್ಳೆಂದು, ಹೊಡೆದುಹಾಕಬೇಕೆಂದು ಹೇಳಿದೆ. "ಕಾವಲಿಂದ ವಾಪಸ್ ಬಂದ ದಿನವೇ ಹೊಡೆದುಹಾಕಿದೆ ಸಾರ್" ಎಂದರು. ಅಲ್ಲಿಗೆ ನನ್ನ ತಲೆಯ ಮೇಲಿನ ಭಾರ ಇಳಿಯಿತೇ? ಇಲ್ಲ. ಹಕ್ಕಿಯನ್ನು ನಿಜವಾಗಿ ನೋಡಬೇಕೆಂಬುದು ಹಾಗೇ ಉಳಿಯಿತು, ಆದರೆ ಈಗ ಯಾರಿಗೂ ತೋರಿಸಿಕೊಳ್ಳಲಿಕ್ಕಲ್ಲ.

ಸಾಹೇಬರು ಮುಂದಿನ ಮಳೆಗಾಲಕ್ಕೆ ಮುಂಚೆ ತೀರಿಕೊಂಡರು. ಬೆಳಿಗ್ಗೆ ನಮಾಜು ಮುಗಿಸಿ ಬಂದು, ಚಹಾ ಕೇಳಿ, ಅದು ಬರುವುದರೊಳಗೆ ಹೋದರಂತೆ. ನಾನಾಗ ಊರಲ್ಲಿರಲಿಲ್ಲ. ಆದ್ದರಿಂದ ನನ್ನ ಪಾಲಿನ ಕಡೆಯ ಭೇಟಿ ಆ ಚಳಿಗಾಲದ ತುದಿಯಲ್ಲಿ, ಕಾವಲಿನಲ್ಲಿ ಆದದ್ದೇ.

ಅವರನ್ನು ಒಂದು ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಇಷ್ಟು ವರ್ಷ ಚಳ್ಳಕೆರೆಯಲ್ಲಿದ್ದೂ ಅವರು ಕಾವಲಿನ ಹುಲ್ಲಿಗೆ ಕಾಲಿಟ್ಟಿರಲಿಲ್ಲ. "ಇಲ್ಲಿ ರಿಪೇರಿ ಮಾಡೋದೇನೂ ಇಲ್ವಲ್ಲ ಸಾರ್" ಎಂದು ಸುತ್ತ ನೋಡಿದರು. ಸ್ವಲ್ಪ ದೂರ ನಡೆದು ನಿಂತೆವು. ಎರಡು ನಿಮಿಷ ನೋಡಿ ಕೊಡಲಿ ಎಂದು ದೂರ್‌ಬೀನನ್ನು ಅವರ ಕೊರಳಿಗೆ ಹಾಕಿದೆ.

ಆಗ ಬಂತು ಅದು. ಬೇಲಿಯ ಆಚೆಯಿಂದ, ಬಿಳಿಯದೊಂದು ಚುಕ್ಕೆ, ಹುಲ್ಲಿನ ಮೇಲೆ ತಗ್ಗಿ, ಎದ್ದು, ಮತ್ತೆ ತಗ್ಗಿ.

"ಸಾಹೇಬರೇ, ಕೊಡಿ, ಇಲ್ಲಿ ಕೊಡಿ!"

"ತಡೀರಿ ಸಾರ್."

"ಅದೇ ಹಕ್ಕಿ! ಎರಡು ವರ್ಷದಿಂದ..."

"ತಡೀರಂದ್ರೆ." ಅವರ ಎರಡೂ ಕೈ ಕಲ್ಲಿನಂತೆ ನಿಂತಿದ್ದವು, ಒಂದಿಷ್ಟೂ ನಡುಕವಿಲ್ಲ. "ಏನೋ ಕಳ್ಕೊಂಡೈತೆ ಸಾರ್ ಪಾಪ. ನೆಲಕ್ಕೆ ಸಣ್ಣ ಸ್ಕ್ರೂ ಬಿದ್ರೆ ನಾನು ಹಿಂಗೇ ಹುಡುಕ್ತೀನಿ. ಒಂದ್ ಗೇಣು ಬಿಡದಂಗೆ. ನೋಡ್ರಿ, ವಾಪಸ್ ಬಂತು, ಅಲ್ಲೇ ಬಿಟ್ಟಿದ್ ಜಾಗಕ್ಕೇ ಬಂತು. ಯಾ ಅಲ್ಲಾ, ಕಣ್ಣು ಹಳದಿ ಐತೆ!"

ನಾನು ಅವರ ತೋಳು ಹಿಡಿದು ಜಗ್ಗಿದೆ. ಸ್ಥಳೀಯ ತಜ್ಞನೊಬ್ಬ ಬಯಲಿನಲ್ಲಿ ಹೀಗೆ ವರ್ತಿಸಬಾರದು. ಅವರು ಕದಲಲಿಲ್ಲ. ಗೋರಂಟಿ ಗಡ್ಡ ಗಾಳಿಗೆ ಹಾರುತ್ತಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಬಿಳಿ ಚುಕ್ಕೆ ದಿಬ್ಬದ ಕಡೆಗೆ ಸರಿಯಿತು, ದಿಬ್ಬ ದಾಟಿತು, ಹೋಯಿತು. ಅದಾದ ಮೇಲೂ ಅವರು ಒಂದಷ್ಟು ಹೊತ್ತು ಇಳಿಸಲಿಲ್ಲ.

ಕೊನೆಗೆ ಪಟ್ಟಿಯನ್ನು ತಲೆಯಿಂದ ಬಿಡಿಸಿ ನನ್ನ ಕೈಗಿಟ್ಟರು. "ಈಗ ನೀವ್ ನೋಡ್ರಿ ಸಾರ್."

ನೋಡಿದೆ. ಹಕ್ಕಿಯಿರಲಿಲ್ಲ. ಎರಡೂ ಕೊಳವೆಗಳಲ್ಲಿ, ದಿಬ್ಬದ ತುದಿಯವರೆಗೆ, ಒಣಹುಲ್ಲು ಒಂದೊಂದೇ ಎಳೆಯಾಗಿ ನಿಂತಿತ್ತು.